ದುರುಗಪ್ಪ ಬಿಟ್ಟ ಮಾತು

“ನಾ ಹೋದ ಮ್ಯಾಲ ಆ ಮಾತು ನೆನಪಿರೂದು ನಿನಗೊಬ್ಬಗ ನೋಡು,” ಅಂದಳಂತೆ ಹುಲಿಗೆವ್ವ. ಗಂಡ ದುರುಗಪ್ಪನಿಗೆ ಅವಳು ಆಡಿದ ಕಡೆಯ ಮಾತು ಅದು.

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಹಿಂದೆ, ಕರಿಮಣ್ಣಿನ ಸೀಮೆಯ ಒಂದೂರಲ್ಲಿ ಈ ದುರುಗಪ್ಪ ಹಲಗೆ ಬಡಿದು ಡಂಗುರ ಸಾರುತ್ತಿದ್ದ. ಅವನು ದನಿ ಎತ್ತಿದರೆ ಮೂರು ಹೊಲ ಆಚೆ ನೇಗಿಲು ನಿಲ್ಲುತ್ತಿತ್ತಂತೆ. ಏಳು ಹೊಲ ಅನ್ನುವವರೂ ಇದ್ದಾರೆ. ಊರು ದೇಸಾಯಿಯದು. ನೆಲ ಅವನದು, ಬಾವಿ ಅವನದು. ಹೇಳುವವನು ಅವನು, ಸಾರುವವನು ಇವನು.

ಒಂದು ಸಲ ದೇಸಾಯಿಯ ಪಲ್ಲಕ್ಕಿ ಹೊರಲು ಬಿಟ್ಟಿ ಆಳು ಕರೆದರು. ಕಂಬಳಿ ನೇಯುವ ಸಾಂತವ್ವನ ಗಂಡ ಹೋಗಲಿಲ್ಲ. ಕೂಸಿಗೆ ಜ್ವರ ಇತ್ತು. ದೇಸಾಯಿ ದುರುಗಪ್ಪನನ್ನು ವಾಡೆಗೆ ಕರೆಸಿ ಅಪ್ಪಣೆ ಕೊಟ್ಟ. ಅಮಾವಾಸ್ಯೆ ತನಕ ಆ ಮನೆಗೆ ಊರವರು ಯಾರೂ ನೀರು ಕೊಡಬಾರದು, ಬೆಂಕಿ ಕೊಡಬಾರದು. ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ. ಹುಲಿಗೆವ್ವ ವಾಡೆಯ ಮುಂದೆ ಕಸ ಗುಡಿಸುತ್ತಿದ್ದಳು. ಅವಳೂ ಕೇಳಿಸಿಕೊಂಡಳು.

ದುರುಗಪ್ಪನಿಗೆ ಒಂದು ಹುಚ್ಚು. ಅಪ್ಪಣೆಯನ್ನು ಇದ್ದ ಹಾಗೆ ಸಾರುತ್ತಿರಲಿಲ್ಲ. ಹಲಗೆಯ ಬಡಿತಕ್ಕೆ ಕೂಡುವ ಹಾಗೆ ಪದ ಕಟ್ಟಿ ಸಾರುತ್ತಿದ್ದ. ಜನ ಅದಕ್ಕೆಂದೇ ಬಾಗಿಲಿಗೆ ಬರುತ್ತಿದ್ದರು. ಅವತ್ತೂ ಕಟ್ಟಿದ.

“ನೀರಿಲ್ಲ ನೆರಳಿಲ್ಲ, ಬೆಂಕಿಲ್ಲ ಬೂದಿಲ್ಲ, ಸಾಂತವ್ವನ ಮನಿಗೆ ಊರಿಲ್ಲ!”

ಜನ ಬಿದ್ದು ಬಿದ್ದು ನಕ್ಕರು. “ಇನ್ನೊಮ್ಮೆ ಅನ್ನಲೇ ದುರುಗ್ಯಾ!” ಅಂದರು. ಇನ್ನೊಮ್ಮೆ ಅಂದ. ಅಮಾವಾಸ್ಯೆ ತನಕ ಅನ್ನುವುದು ಬಡಿತಕ್ಕೆ ಕೂಡಲಿಲ್ಲ. ಬಿಟ್ಟುಬಿಟ್ಟ.

ಮನೆಗೆ ಬಂದಾಗ ಹುಲಿಗೆವ್ವ ಕೇಳಿದಳು. “ಅಮಾಸಿ ಎಲ್ಲಿ ಹೋತು?”

“ನಾಳೆ ಹೇಳತೇನಿ ಬಿಡ.”

ನಾಳೆ ಹೇಳಲಿಲ್ಲ. ತಪ್ಪು ಸಾರಿದವನ ಬೆನ್ನಿಗೆ ಚಾಟಿ ಏಟು ಬೀಳುತ್ತಿತ್ತು. ಅಮಾವಾಸ್ಯೆ ಬಂತು, ಹೋಯಿತು. ದೇಸಾಯಿ ಮರೆತ. ಊರು ಮರೆಯಲಿಲ್ಲ. ಸಾಂತವ್ವ ಬಂದರೆ ಹೆಂಗಸರು ಬಾವಿಯ ಹಗ್ಗ ಮೇಲೆಳೆದುಕೊಂಡರು. ಮಕ್ಕಳು ದುರುಗಪ್ಪನ ಪದ ಹಾಡುತ್ತ ಅವಳ ಗೋಡೆಗೆ ಕಲ್ಲು ಬೀರಿದರು. ಅದೇ ಜನ ಇರುವೆಯ ಗೂಡಿಗೆ ಹಿಟ್ಟು ಹಾಕುವವರು. ಸಾಂತವ್ವನ ಗಂಡ ಎರಡು ಹರದಾರಿ ದೂರದ ಹಳ್ಳದಿಂದ ಸವಳು ನೀರು ಹೊತ್ತು ತಂದ. ಅಮಾವಾಸ್ಯೆ ಕಳೆದ ಆರನೇ ದಿನ ಕೂಸು ತೀರಿಕೊಂಡಿತು. ಗಂಡ ಎತ್ತಲೋ ಹೋದ. ತಿರುಗಿ ಬರಲಿಲ್ಲವಂತೆ.

ಆಮೇಲೆ ದುರುಗಪ್ಪನ ಬಾಯಿ ಕಟ್ಟಿತು. ಈಗ ಹೇಳಿದರೆ ಕೂಸನ್ನು ಕೊಂದವನು ದೇಸಾಯಿ ಅಲ್ಲ, ತಾನು.

ಒಂಬತ್ತು ವರ್ಷ. ಹುಲಿಗೆವ್ವ ದಿನಾ ಮಧ್ಯಾಹ್ನ ತಮ್ಮ ಕೇರಿಯ ಹೊಂಡದ ನೀರು, ಒಡೆದ ಗಡಿಗೆಯ ಬೋಕಿಯಲ್ಲಿ ಒಂದು ಕೆಂಡ, ಸಾಂತವ್ವನ ಹಿತ್ತಲಿಗೆ ಕದ್ದು ಒಯ್ದಳಂತೆ. ಸಾಂತವ್ವ ಕುಲ ನೋಡದೆ ಕುಡಿದಳಂತೆ. ಹುಲಿಗೆವ್ವ ಗಂಡನನ್ನು ಒಂದು ದಿನ ಬೈಯಲಿಲ್ಲ. ರೊಟ್ಟಿ ಹಾಕುವಳು, ಎದ್ದು ಹೋಗುವಳು. ಬೈದಿದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು ಅವನಿಗೆ.

ಒಂಬತ್ತನೇ ವರ್ಷ ಹುಲಿಗೆವ್ವ ತೀರಿಕೊಂಡಳು. ದುರುಗಪ್ಪ ಅವಳನ್ನು ಮಣ್ಣು ಮಾಡಿ ಬಂದ. ರೊಟ್ಟಿ ಬುಟ್ಟಿಯಲ್ಲಿ ಅವಳು ಬಡಿದ ರೊಟ್ಟಿ ಎರಡು ಉಳಿದಿದ್ದವು. ತಿನ್ನಲು ಆಗಲಿಲ್ಲ. ಮನೆಯಲ್ಲಿ ಅವನು, ಆ ಮಾತು. ಮೂರನೆಯವರಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಹುಲ್ಲಿನ ಬೆಂಕಿಗೆ ಹಲಗೆಯ ಚರ್ಮ ಕಾಸಿ ಬಿಗಿ ಮಾಡಿದ. ಸಾಂತವ್ವನ ಬಾಗಿಲ ಮುಂದೆ ನಿಂತು ಬಡಿದ. ಜನ ನಗಲು ಸಿದ್ಧವಾಗಿ ಬಂದರು. ಅವನು ಪದ ಕಟ್ಟಲಿಲ್ಲ.

“ಅಪ್ಪಣೆ ಅಮಾಸಿ ತನಕ ಇತ್ತು. ಆ ಮಾತು ನಾ ಬಿಟ್ಟೆ. ದೇಸಾಯಿ ಬಿಡಲಿಲ್ಲ. ನಾ ಬಿಟ್ಟೆ.”

“ಹೇಣ್ತಿ ಸತ್ತು ತಲಿ ಕೆಟ್ಟೈತಿ ಇವಗ,” ಅಂದ ಒಬ್ಬ. ಯಾರೂ ನಗಲಿಲ್ಲ.

ಸಾಂತವ್ವ ಹೊರಗೆ ಬಂದಳು. “ಯಾವ ಅಮಾಸಿ, ದುರುಗಪ್ಪ?”

“ನಿನ್ನ ಕೂಸು ಇದ್ದಾಗಿಂದು, ಯವ್ವಾ.”

ಅವಳು ಅವನನ್ನು ನೋಡಿದಳು. ಅವನ ಹಿಂದೆ ನಿಂತ ಊರನ್ನೂ ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ಯಾರೂ ಬಾವಿಗೆ ಹಗ್ಗ ಬಿಡಲಿಲ್ಲವಂತೆ.

ದೇಸಾಯಿ ಅವನ ನಾಲಗೆ ಕೊಯ್ಸಿದ ಅನ್ನುವವರಿದ್ದಾರೆ. ಹಲಗೆ ಅಲ್ಲೇ ಇಟ್ಟು ಊರು ಬಿಟ್ಟ ಅನ್ನುವವರೂ ಇದ್ದಾರೆ. ಕಂಡವರಿಲ್ಲ.

ಆದರೆ ಆ ಊರಲ್ಲಿ ಇವತ್ತಿಗೂ ಒಂದು ರೂಢಿ ಇದೆ. ಪಂಚಾಯ್ತಿಯವರು ಆಟೋಕ್ಕೆ ಮೈಕು ಕಟ್ಟಿಕೊಂಡು ಬಂದು ಏನೇ ಸಾರಲಿ, ನಲ್ಲಿ ನೀರು ಬರುವುದಿಲ್ಲ ಅಂತಲೇ ಸಾರಲಿ, ಯಾವಳಾದರೂ ಒಬ್ಬ ಮುದುಕಿ ಬಾಗಿಲಿಗೆ ಬಂದು ಕೂಗುತ್ತಾಳೆ. “ಎಲ್ಲೀತನಕ?” ಆಟೋ ನಿಲ್ಲಬೇಕು. ದಿನ ಹೇಳಬೇಕು. ಹೇಳುವವರೆಗೆ ಜನ ದಾರಿ ಬಿಡುವುದಿಲ್ಲ.