ತಡೆಯದ ಹಿಮ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಸರಸ್ವತಿ ಪೂಜೆಯ ದಿನ. ಪೂಜೆಗಿಟ್ಟ ಏಳನೇ ತರಗತಿಯ ಪುಸ್ತಕಗಳನ್ನು ಮತ್ತೆ ಎತ್ತಿಕೊಳ್ಳಲೇ ಇಲ್ಲ. ಊರೂರು ತಿರುಗಿ ಕೊನೆಗೆ ಗುರುಗಳ ಬಳಿ ಬಂದೆ. ಅಲ್ಲಿಯೂ ಕಾಲು ನಿಲ್ಲದಾಯಿತು. ಹೊರಡುವ ಮುನ್ನ ಕೇಳಿದೆ:

“ಗುರುಗಳೇ, ಇಷ್ಟು ಊರು ತುಳಿದೆ. ನಾನು ಬಂದು ಹೋದ ಗುರುತು ಎಲ್ಲಾದರೂ ಉಳಿದಿರುತ್ತದೆಯೇ?”

ಗುರುಗಳು ಹೇಳಿದರು:

ಒಬ್ಬ ಚಿತ್ರಗಾರನಿದ್ದ. ಸಿನಿಮಾದವರಿಗೆ ಕಂಪ್ಯೂಟರಿನೊಳಗೆ ಹಿಮ ಸುರಿಸಿಕೊಡುವುದು ಅವನ ಕೆಲಸ. ಹಿಮವನ್ನು ಕಣ್ಣಾರೆ ಕಂಡವನಲ್ಲ. ಆದರೂ ಒಂದೊಂದು ಕಣಕ್ಕೂ ನಡತೆ ಕಲಿಸಿದ್ದ. ಮೆಲ್ಲಗೆ ಒತ್ತಿದರೆ ಅದುಮಿಕೊಳ್ಳಬೇಕು, ಜೋರಾಗಿ ಒತ್ತಿದರೆ ಒಡೆದು ಪಕ್ಕಕ್ಕೆ ಸರಿಯಬೇಕು. ಒಮ್ಮೆ ಬಿದ್ದ ಗುಂಡಿ ನೀರಿನಂತೆ ಮುಚ್ಚಿಕೊಳ್ಳಬಾರದು.

ಅವನ ಬಳಿಗೆ ಒಬ್ಬ ಹೆಂಗಸು ಬಂದಳು. ಅವಳ ಗಂಡ ಲಾರಿ ಚಾಲಕ. ಹಿಮದ ನಾಡಿನಲ್ಲಿ ಲಾರಿ ಹೂತುಕೊಂಡಾಗ, ಕಣ್ಣಿಗೆ ಕಾಣುತ್ತಿದ್ದ ಹಳ್ಳಿಯ ಕಡೆಗೆ ನಡೆದು ಹೊರಟವನು ತಲುಪಲಿಲ್ಲ. ಹಿಮ ಕರಗಿದ ಮೇಲೆ ಹೆಣ ಸಿಕ್ಕಿತು. ಅವಳಿಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಗಿತ್ತು.

“ಅಷ್ಟು ಹತ್ತಿರ ಇತ್ತಂತಪ್ಪ ಊರು. ನಡಿಯೋದ್ರಲ್ಲಿ ಅವರನ್ನ ಮೀರಿಸೋರು ಯಾರೂ ಇರ್ಲಿಲ್ಲ. ಮನಸ್ಸು ಮಾಡಿದ್ರೆ ತಲುಪ್ತಿರ್ಲಿಲ್ವಾ? ನನ್ನ ನೆನಪೇ ಆಗ್ಲಿಲ್ವಾ? ಒಂದ್ಸಲ ಅವರನ್ನ ಅಲ್ಲಿ ನಡೆಸಿ ತೋರಿಸು” ಎಂದಳು.

ಗಂಡ ನಡೆದಾಡುವ ಚಿತ್ರ ಅವಳ ಬಳಿ ಒಂದೇ ಇತ್ತು. ತಂಗಿಯ ಮದುವೆಯ ವಿಡಿಯೋ. ಅದರಲ್ಲಿ ಅವನು ಪಾಯಸದ ಬಕೆಟ್ ಹಿಡಿದು ಪಂಕ್ತಿಯುದ್ದಕ್ಕೂ ಬಡಿಸುತ್ತ ಹೋಗುತ್ತಾನೆ. ಚಿತ್ರಗಾರ ಬಕೆಟ್ಟನ್ನು ಅಳಿಸಿ, ಆ ನಡಿಗೆಯನ್ನು ಹಾಗೆಯೇ ಎತ್ತಿ ಹಿಮದ ಮೇಲೆ ಇಟ್ಟ.

ಪರದೆಯಲ್ಲಿ ಬೆಳ್ಳಗಿನ ಬಯಲು ಹರಡಿತು. ಸದ್ದಿಲ್ಲದೆ ಹಿಮ ಉದುರುತ್ತಿತ್ತು. ಕನಸಿನಲ್ಲಿ ಬರುವವರ ಹಾಗೆ ಅವನು ಬಂದ. ಹೆಜ್ಜೆ ಇಟ್ಟಲ್ಲಿ ಹಿಮ ಮೊಣಕಾಲುದ್ದ ಕುಸಿಯಿತು, ಅಂಚು ಉಬ್ಬಿತು, ಪುಡಿ ಹಾರಿತು. ಹಿಂದೆ ಹೆಜ್ಜೆಗಳ ಸಾಲು ಉಳಿಯಿತು. ಅವನು ಹಳ್ಳಿಯನ್ನು ತಲುಪಿಬಿಟ್ಟ.

ಹೆಂಗಸು ನಕ್ಕಳು. “ಅಯ್ಯೋ, ಇವರಿನ್ನೂ ಪಾಯಸ ಬಡಿಸ್ತಾನೇ ಇದಾರಲ್ಲಪ್ಪ!” ನಗುತ್ತಲೇ ಕಣ್ಣು ತುಂಬಿತು. “ಇಷ್ಟು ಸಲೀಸಾ? ಹಾಗಾದ್ರೆ ಅವತ್ತು ಕೈಚೆಲ್ಲಿ ಕೂತ್ಬಿಟ್ರು ಅಂತಾಯ್ತಲ್ಲ.”

ಚಿತ್ರಗಾರ ತಬ್ಬಿಬ್ಬಾದ. ಆಗ ತನ್ನ ತಪ್ಪು ಹೊಳೆಯಿತು. ಕಾಲಿಗೆ ಸಿಕ್ಕ ಹಿಮ ಹೇಗೆ ಬದಲಾಗಬೇಕೆಂದು ಕಲಿಸಿದ್ದ. ಹಿಮಕ್ಕೆ ಸಿಕ್ಕ ಕಾಲು ಏನಾಗಬೇಕೆಂದು ಕಲಿಸಿರಲಿಲ್ಲ.

“ಸ್ವಲ್ಪ ಇರಮ್ಮ. ನನ್ನ ಹಿಮಕ್ಕೆ ತಡೆಯೋದು ಗೊತ್ತಿಲ್ಲ” ಎಂದು ಮತ್ತೆ ಕೆಲಸಕ್ಕೆ ಕೂತ.

ಈ ಸಲ ಕಾಲೆತ್ತಿದರೆ ಹಿಮ ಬಿಡಲಿಲ್ಲ. ಉಂಡೆಯುಂಡೆಯಾಗಿ ಬೂಟಿಗೆ ಮೆತ್ತಿಕೊಂಡಿತು. ಅವನು ಬಗ್ಗಿದ, ಕೈಯೂರಿದ, ಕಾಲು ಕಿತ್ತ, ಮತ್ತೆ ಇಟ್ಟ. ಪಂಕ್ತಿಯ ನಡಿಗೆ ಎಲ್ಲೋ ಕರಗಿಹೋಯಿತು. ಹಳ್ಳಿ ಅಲ್ಲೇ ಇತ್ತು, ಹತ್ತಿರವಾಗಲಿಲ್ಲ. ಆದರೂ ಅವನ ಮುಖ ಅತ್ತಲೇ ಇತ್ತು.

ಹೆಂಗಸು ಎದ್ದು ಬಂದು ಪರದೆಯ ಮೇಲೆ ಕೈಯಿಟ್ಟಳು. “ಸಾಕು, ಕೂತ್ಕೊಳ್ರೀ. ಕೂತು ಸುಧಾರಿಸ್ಕೊಳ್ರೀ” ಎಂದಳು. ಅವಳ ಸಿಟ್ಟು ಅಲ್ಲಿಗೆ ಇಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ನಾನು ಪಂಚೆ ಮಡಿಸಿ ಚೀಲಕ್ಕೆ ತುರುಕುತ್ತಿದ್ದೆ.

“ಹಾಗಾದರೆ ನನ್ನ ಗುರುತು?” ಎಂದೆ.

“ಅದು ಬಿದ್ದೇ ಇರುತ್ತದೆ ಬಿಡು; ಯಾವ ಊರಿನಲ್ಲಾದರೂ ನಿನಗೆ ಕಾಲೆತ್ತುವುದು ಕಷ್ಟವಾಯಿತೇ?”

ನಾನು ಚೀಲದ ದಾರ ಬಿಗಿದೆ.