ಕಂಕುಳಲ್ಲಿದ್ದ ಕೊಡೆ

"ಗುರುಗಳೇ, ನಗೆಪದ್ಯಕ್ಕೂ ಸಾಕ್ಷಿ ಬೇಕೇ? ಓದಿದರು, ನಕ್ಕರು. ಅಷ್ಟು ಸಾಲದೇ?"

ಹೀಗೆ ಕೇಳಿದವನು ಮುರಿಗೆಪ್ಪ. ಮಠದ ಪಾಠಶಾಲೆಯಲ್ಲಿ ಚಿಕ್ಕವರಿಗೆ ಪದ್ಯ ಹೇಳಿಕೊಡುವ ಕೆಲಸ ಅವನಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಮೂರು ದಿನದಿಂದ ಒಂದೇ ನಗೆಪದ್ಯ ನಡೆದಿತ್ತು. ಇದರ ತಿರುಳೇನು ಎಂದರೆ ಒಬ್ಬ ಜಿಪುಣತನ ಎನ್ನುತ್ತಿದ್ದ, ಇನ್ನೊಬ್ಬ ಸೋಮಾರಿತನ ಎನ್ನುತ್ತಿದ್ದ. ಯಾವ ಸಾಲು ಹಾಗೆ ಹೇಳುತ್ತದೆ ಎಂದರೆ ಎಲ್ಲರೂ ಸೂರು ನೋಡುತ್ತಿದ್ದರು. ಅವನಿಗೆ ಸಾಕುಸಾಕಾಗಿಹೋಗಿತ್ತು. ನಾಳೆಯಿಂದ ನಗಿಸಿ ಕಳಿಸಿಬಿಡುತ್ತೇನೆ ಎಂದು ನಿರ್ಧರಿಸಿಯೇ ಗುರುಗಳ ಮುಂದೆ ಕೂತಿದ್ದ. ಒಂದು ಒಪ್ಪಿಗೆ ಬೇಕಿತ್ತು, ಅಷ್ಟೆ.

ರೇವಣಯ್ಯ ಗುರುಗಳು ನಲವತ್ತು ವರ್ಷ ಅದೇ ಪಾಠ ಹೇಳಿದವರು. ಅವರೂ ದಣಿದಿದ್ದರು. ಗೋಡೆಗೆ ಒರಗಿ, "ಕತೆ ಕೇಳು," ಎಂದರು.

ಒಂದು ಊರು. ಅಲ್ಲಿ ಪದ್ಯ ಕಟ್ಟಿದವನು ಅದನ್ನು ಚಾವಡಿಯ ಸುಣ್ಣದ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆಯಬೇಕಿತ್ತು. ಅದರಿಂದ ತನ್ನ ಮಾನ ಹೋಯಿತು ಎನ್ನುವವನು ದೂರು ಕೊಡಬಹುದು. ಆದರೆ ಸುಮ್ಮನೆ ಕೂಗಾಡುವಂತಿಲ್ಲ. ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಚುಚ್ಚಿದ ಸಾಲಿನ ಮೇಲೆ ಬೆರಳಿಡಬೇಕು. ಬೆರಳು ನಿಂತರೆ ಬರೆದವನು ಊರು ಬಿಡಬೇಕು. ಬರೆದವನು ನಡುವೆ ಬಾಯಿ ಹಾಕುವಂತಿಲ್ಲ; ಹೇಳುವುದನ್ನೆಲ್ಲ ಸಾಲೇ ಹೇಳಬೇಕು.

ಆ ಊರಿನಲ್ಲಿ ಒಬ್ಬ ನೇಕಾರನಿದ್ದ. ಒಂದು ಮಳೆಗಾಲ ಅವನು ಎಂಟು ಸಾಲು ಬರೆದ. ಮೊದಲ ನಾಲ್ಕು ಇವು:

ಕೊಡೆಯ ಕೊಂಡ ಧಣಿಯು ಮಳೆಗೆ
ಮಡಿಚಿ ಅದನು ಕಂಕುಳಲ್ಲಿ
ಹಿಡಿದು ನಡೆದ, ಕೊಡೆಗೆ ಹನಿಯ
ಸಿಡಿತವಿಲ್ಲ, ತಾನೆ ತೊಪ್ಪೆ!

ಊರು ಬಿದ್ದು ಬಿದ್ದು ನಕ್ಕಿತು. ಧಣಿ ಯಾರೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಪೇಟೆಯ ವರ್ತಕನೊಬ್ಬ ಹಿಂದಿನ ವಾರವಷ್ಟೇ ಹಾಗೆ ತೊಯ್ದುಕೊಂಡು ಹೋದದ್ದನ್ನು ಎಲ್ಲರೂ ಕಂಡಿದ್ದರು. ಗೋಡೆಯವರೆಗೆ ಹೋಗಿ ಓದುವ ತಾಪತ್ರಯ ಯಾರಿಗೆ ಬೇಕು? ಮುಂದೆ ನಿಂತವನು ನಾಲ್ಕು ಸಾಲು ಕೂಗಿದ, ಹಿಂದಿನವನು ಅದನ್ನೇ ಬಾಯಿಪಾಠ ಮಾಡಿಕೊಂಡ, ಮನೆಗೆ ಹೋಗಿ ಹೆಂಡತಿಗೆ ಹೇಳಿದ. ವರ್ತಕ ಅಂಗಡಿ ಬಾಗಿಲು ತೆಗೆದರೆ ಸಾಕು, "ಏನ್ ಸಾಹುಕಾರ್ರೇ, ಕೊಡೆ ಕ್ಷೇಮವೇ?" ಎನ್ನುವವರು ಹತ್ತು ಮಂದಿ. ಪಾಪ, ಅವನಿಗೆ ಅನ್ನ ಸೇರದಾಯಿತು. ಕೊನೆಗೆ ದೂರು ಕೊಟ್ಟ.

ನೇಕಾರನಿಗೆ ಮಗ್ಗದ ಚಿಂತೆ ಹತ್ತಿತು. ಮನೆಯ ನೆಲದಲ್ಲೇ ಗುಂಡಿ ತೋಡಿ ಹೂಡಿದ ಮಗ್ಗ ಅವನದು. ಹೊತ್ತುಕೊಂಡು ಹೋಗುವಂಥದ್ದಲ್ಲ. ಊರು ಬಿಟ್ಟರೆ ಆ ಗುಂಡಿ ಮುಚ್ಚಿ, ಹೊಟ್ಟೆಗೆ ಬೇರೆ ದಾರಿ ಹುಡುಕಬೇಕು.

ಚಾವಡಿಯಲ್ಲಿ ಜನ ಸೇರಿದರು. ನ್ಯಾಯ ಹೇಳುವ ಹಿರಿಯ ಮೊದಲು ನೇಕಾರನ ಸ್ನೇಹಿತರನ್ನು ಕರೆದ. ಪದ್ಯವನ್ನು ಎಲ್ಲರಿಗಿಂತ ಹೆಚ್ಚು ಹೊಗಳಿದವರು ಅವರೇ. ಒಬ್ಬ ಎದ್ದು, "ಬಿಡಿ ಯಜಮಾನ್ರೇ, ಬರೀ ತಮಾಷೆ ಅದು. ಯಾರನ್ನೂ ಆಡಿಕೊಂಡದ್ದಲ್ಲ," ಎಂದ.

"ಯಾವ ಸಾಲು ನೋಡಿ ಹೇಳ್ತೀಯಪ್ಪ? ಬೆರಳಿಡು," ಎಂದ ಹಿರಿಯ.

ಅವನ ಬೆರಳು ಗಾಳಿಯಲ್ಲೇ ನಿಂತಿತು. ಎರಡನೆಯವನು ತಲೆ ಕೆರೆದುಕೊಂಡ. ಮೂರನೆಯವನು ಕರೆಯುವ ಮೊದಲೇ ಕಂಬದ ಹಿಂದೆ ಸರಿದ. ಕೇಳಿ ಕೇಳಿ ಹಿರಿಯನಿಗೂ ಬೇಸರ ಬಂತು. ನೇಕಾರ ಸ್ನೇಹಿತರ ಮುಖವನ್ನು ಒಬ್ಬೊಬ್ಬರದಾಗಿ ನೋಡಿದ.

ಆಮೇಲೆ ವರ್ತಕ ಎದ್ದ. ಮೈಯೆಲ್ಲ ಸಿಟ್ಟು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಸಾಲಿನ ಕೆಳಗೆ ಬೆರಳು ಜಾರಿಸುತ್ತ ಓದಿದ. ಮೊದಲ ನಾಲ್ಕಕ್ಕೆ ಜನ ಎಂದಿನಂತೆ ನಕ್ಕರು. ಬೆರಳನ್ನು ಅಲ್ಲೇ ಒತ್ತಿಬಿಡೋಣ ಎಂದು ಅವನಿಗೆ ಅನ್ನಿಸಿತು. ಆದರೆ ಕೊನೆಯವರೆಗೆ ಓದದೆ ಬೆರಳಿಡುವಂತಿರಲಿಲ್ಲ. ಓದಿದ:

ಮನೆಗೆ ಬಂದು ಮಗಳ ಕರೆದು
"ನಿನಗೆ ಹೊಸತು, ಬಿಚ್ಚು" ಎಂದ;
ಹನಿಯುತಿದ್ದ ಮೀಸೆ ಒರೆಸಿ
ತನುವ ನಡುಕ ಮರೆತು ನಕ್ಕ.

ಚಾವಡಿಯಲ್ಲಿ ನಗು ನಿಂತಿತು. ನೇಕಾರನ ಮನೆ ವರ್ತಕನ ಮನೆಯ ಎದುರಿಗೇ ಇತ್ತು. ಆ ದಿನ ಅಂಗಳದಲ್ಲಿ ನಡೆದದ್ದನ್ನು ಅವನು ಕಂಡಿದ್ದ. ವರ್ತಕ ಆ ನಾಲ್ಕು ಸಾಲನ್ನು ಇನ್ನೊಮ್ಮೆ, ತನಗೆ ಮಾತ್ರ ಕೇಳುವಂತೆ ಓದಿದ. ಅವನ ಬೆರಳು ಮತ್ತೆ ಮೇಲಕ್ಕೆ ಹೋಯಿತು, ಒಂದೊಂದು ಸಾಲಿನ ಮೇಲೂ ತಡೆದು ಕೆಳಗಿಳಿಯಿತು. ಚುಚ್ಚುವ ಸಾಲು ಸಿಗಲಿಲ್ಲ. "ನನ್ನ ದೂರು ಏನೂ ಇಲ್ಲ," ಎಂದು ಕಣ್ಣೊರೆಸಿಕೊಂಡು ಹೊರಟುಹೋದ.

ನೇಕಾರ ಮನೆಗೆ ಬಂದು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತ. ಆ ದಿನ ಅವನಿಂದ ಒಂದು ಗೇಣೂ ನೇಯಲಾಗಲಿಲ್ಲ. ಅದಾದ ಮೇಲೆ ಅವನು ಪದ್ಯವನ್ನೂ ಬರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಕಣ್ಣು ಮುಚ್ಚಿದರು. ಮುರಿಗೆಪ್ಪನಿಗೆ ಇದು ಸರಿಕಾಣಲಿಲ್ಲ.

"ಅವನು ಊರಲ್ಲೇ ಉಳಿದನಲ್ಲ, ಗುರುಗಳೇ. ಪದ್ಯವನ್ನು ಊರೆಲ್ಲ ಮೆಚ್ಚಿತ್ತಲ್ಲ. ಮತ್ತೆ ಬರೆಯುವುದನ್ನು ಯಾಕೆ ಬಿಟ್ಟ?"

"ಮೆಚ್ಚಿದವರಲ್ಲಿ ಒಬ್ಬನೂ ಓದಿರಲಿಲ್ಲಪ್ಪ, ಓದಿದವನು ಜಗಳಕ್ಕೆ ಬಂದವನೊಬ್ಬನೇ."