ಬಿಸಿಲಿಗೆ ನಿಂತ ವ್ಯಾನು

ಕರೆಂಟು ಕಂಬವೇ ಇಲ್ಲದ ಬಯಲಿಗೆ ಎರಡು ಮನೆಗಾಡಿಗಳು ಬಂದು ಬೀಡುಬಿಟ್ಟವು. ನೆತ್ತಿಯ ಮೇಲೆ ಆರು ಸೋಲಾರ್ ಹಲಗೆ ಹೊತ್ತ ಹೊಸ ಗಾಡಿ ಹೊಂಗೆಮರದ ದಟ್ಟ ನೆರಳು ಹಿಡಿಯಿತು. ಒಂದೇ ಹಲಗೆಯ ಹಳೇ ವ್ಯಾನು ಹೋಗಿ ನಡುಬಯಲಿನ ಬಿಸಿಲಲ್ಲಿ ನಿಂತಿತು.

"ಅಜ್ಜಾ, ಇಲ್ಲಿ ಜಾಗ ಬೇಕಾದಷ್ಟಿದೆ. ಅಲ್ಲಿ ಯಾಕೆ ಬೇಯುತ್ತೀರಿ?" ಎಂದಿತು ಹೊಸ ಗಾಡಿ.

"ಬೇಯುವುದೇ ನನ್ನ ಕೆಲಸ ಮಗಾ," ಎಂದಿತು ವ್ಯಾನು.

ಮುದುಕನಿಗೆ ಅರಳುಮರಳು ಎಂದುಕೊಂಡು ಹೊಸ ಗಾಡಿ ಎರಡು ದಿನ ತಂಪಾಗಿ ಮಲಗಿತು. ಮೂರನೆಯ ದಿನ ಮಧ್ಯಾಹ್ನ ಅದರ ಬ್ಯಾಟರಿ ಬರಿದಾಯಿತು. ನೀರಿನ ಪಂಪು ಕೆಮ್ಮಿ ಸುಮ್ಮನಾಯಿತು, ಫ್ರಿಜ್ಜು ನಿಂತಿತು. ಗಾಡಿಯ ಒಡತಿ ಇನ್ಸುಲಿನ್ ಸೀಸೆ ಹಿಡಿದು ಕಂಗಾಲಾಗಿ ಹೊರಗೆ ಬಂದಳು.

ಹೊಸ ಗಾಡಿ ನಾಚಿಕೆ ಬಿಟ್ಟು ಕೂಗಿತು: "ಅಜ್ಜಾ, ಆರು ಹಲಗೆಯಿದ್ದೂ ಕೈಕೊಟ್ಟುಬಿಟ್ಟೆ. ಅಮ್ಮನ ಔಷಧಿ ಕೆಡುತ್ತದೆ!"

"ಆರಿದ್ದರೇನು ಬಂತು, ಒಂದಕ್ಕಾದರೂ ಬಿಸಿಲು ತೋರಿಸಿದೆಯಾ? ಇರಲಿ, ಸೀಸೆ ಇತ್ತ ಕಳಿಸು. ನನ್ನ ಫ್ರಿಜ್ಜು ಚಿಕ್ಕದು, ಆದರೆ ನಿಂತಿಲ್ಲ."

ಒಡತಿ ಓಡಿಹೋಗಿ ಸೀಸೆಯನ್ನು ಅದರೊಳಗಿಟ್ಟಳು. ಹೊಸ ಗಾಡಿಯೂ ನೆರಳು ಬಿಟ್ಟು ಮೆಲ್ಲಗೆ ಉರುಳಿ ಬಂದು ವ್ಯಾನಿನ ಮಗ್ಗುಲಿಗೆ ನಿಂತಿತು. ಮೈಗೆ ಮೈ ತಾಗಿದ್ದೇ ಚುರ್ರೆಂದಿತು.

"ಅಜ್ಜಾ, ನಿಮ್ಮ ಮೈ ಕೆಂಡವಾಗಿದೆಯಲ್ಲ!"

"ಅದಕ್ಕೇ ಮಗಾ, ಒಳಗೆ ತಣ್ಣಗಿರುವುದು."